ಗುಡುಗಿನ ಹೊತ್ತಲ್ಲಿ ಎಂಜಿನ್ ನಿಲ್ಲಿಸಿದ್ದು

ನಮ್ಮ ಕಾಫಿ ತೋಟದಲ್ಲಿ ನನ್ನವು ಎರಡು ಕಾನೂನು. ಬಿಸಿಲು ನೆತ್ತಿಯ ಮೇಲಿದ್ದಾಗ ಯಾರೂ ಪೈಪ್ ಎತ್ತಕೂಡದು. ಗುಡುಗು ಕೇಳಿಸಿದರೆ ಎತ್ತಿದ ಪೈಪನ್ನೂ ಬಿಟ್ಟು ಮನೆಗೆ ಬರಬೇಕು. ಮೊದಲನೆಯದನ್ನು ಎಲ್ಲರೂ ಒಪ್ಪಿದರು, ನೆರಳಲ್ಲಿ ಕೂತರೆ ಮಜ್ಜಿಗೆ ಸಿಗುತ್ತಿತ್ತಲ್ಲ! ಎರಡನೆಯದಕ್ಕೆ ಮಾತ್ರ ನನ್ನ ಗಂಡನ ಜೊತೆಯೇ ಗುದ್ದಾಡಬೇಕಾಯಿತು.

ಅದು ತೊಂಬತ್ತರ ದಶಕದ ಕೊನೆ. ನಮ್ಮ ಹೆತ್ತೂರು ಕಡೆ ಮಳೆಗಾಲದಲ್ಲಿ ಸಾಕಪ್ಪಾ ಸಾಕು ಎಂದರೂ ಬಿಡದೆ ಸುರಿಯುವ ಮಳೆ, ಕಾಫಿ ಮೊಗ್ಗು ನೀರಿಗಾಗಿ ಕಾಯುವ ಮಾರ್ಚ್‌ನಲ್ಲಿ ಮುಖವನ್ನೇ ತೋರಿಸುವುದಿಲ್ಲ. ಹಾಗಾಗಿ ಕೆರೆಯ ನೀರನ್ನು ಡೀಸೆಲ್ ಎಂಜಿನ್‌ನಿಂದ ಎತ್ತಿ, ಅಲ್ಯೂಮಿನಿಯಂ ಪೈಪ್ ಜೋಡಿಸಿ, ಗಿಡಗಳ ಮೇಲೆ ಮಳೆಯಂತೆ ನೀರು ಚಿಮ್ಮುವ ಜೆಟ್ ಹಾರಿಸುತ್ತಿದ್ದೆವು. ಉದ್ದನೆಯ ಆ ಪೈಪುಗಳನ್ನು ಅಡ್ಡ ಹೊತ್ತರೆ ಮೊಗ್ಗು ಉದುರುತ್ತದೆಂದು ನೆಟ್ಟಗೆ ಹಿಡಿದೇ ಒಯ್ಯುವುದು ರೂಢಿ. ಮಧ್ಯಾಹ್ನ ಮುಟ್ಟಿದರೆ ಅಂಗೈ ಚುರ್ರೆನ್ನುತ್ತಿತ್ತು. ಗುಡುಗಿನಲ್ಲಿ ಹಿಡಿದು ನಿಂತರೆ ಸಿಡಿಲಿಗೆ ‘ಬಾರಪ್ಪಾ’ ಎಂದು ಕೈಬೀಸಿ ಕರೆದ ಹಾಗೆ. ಹಿಂದಿನ ವರ್ಷವಷ್ಟೇ ಪಕ್ಕದ ತೋಟದಲ್ಲಿ ಮರದಡಿ ನಿಂತಿದ್ದ ಎರಡು ದನ ಸಿಡಿಲಿಗೆ ಬಲಿಯಾದದ್ದನ್ನು ಕಣ್ಣಾರೆ ನೋಡಿದ್ದೆ.

ಆ ದಿನ ಎಲೆ ಅಲುಗದ ಸೆಕೆ. ನಮ್ಮನೆಯವರೂ ತೋಟದ ಆಳೂ ನನ್ನ ಕಾನೂನಿನಂತೆ ನೆರಳಲ್ಲಿ ಕೂತಿದ್ದು, ಬಿಸಿಲು ಇಳಿದ ಮೇಲೆ ಗುಡ್ಡದ ತುದಿಗೆ ಹೋದರು. ಅಲ್ಲಿ ಒಂದು ಜೆಟ್ ಓಡುತ್ತಿರುವಾಗಲೇ ಮುಂದಿನ ಸಾಲಿಗೆ ಪೈಪ್ ಜೋಡಿಸಬೇಕಿತ್ತು. ಸ್ವಲ್ಪ ಹೊತ್ತಿಗೇ ಆಕಾಶ ಕಪ್ಪಿಟ್ಟು ಗುಡುಗತೊಡಗಿತು. ಆಳು ಏದುಸಿರು ಬಿಡುತ್ತಾ ಓಡಿಬಂದ. ಒಬ್ಬನೇ.

“ಅಣ್ಣೋರೆಲ್ಲೋ?”

“ಬರಲ್ವಂತೆ ಕಣಕ್ಕ. ಇನ್ನೆಲ್ಡು ಪೈಪ್ ಐತೆ, ಮುಗಿಸ್ಬುಟ್ಟೇ ಬತ್ತೀನಿ ಅಂದ್ರು.”

ಅಂಗಳದಿಂದ ಗಂಟಲು ಹರಿಯುವಂತೆ ಕೂಗಿದೆ. ಕೇಳಿಸಿದರೂ ಬರುವ ಪೈಕಿಯಲ್ಲ ಆ ಮನುಷ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನೇ ಗುಡ್ಡ ಹತ್ತಿದರೆ ಸಿಡಿಲಿಗೆ ಒಬ್ಬರ ಬದಲು ಇಬ್ಬರು. ಆದರೆ ಹೆಂಡತಿ ಕರೆದರೆ ಓಗೊಡದವರು, ಎಂಜಿನ್ ಕೆಮ್ಮಿದರೆ ಸಾಕು, ತಟ್ಟೆ ಬಿಟ್ಟು ಏಳುತ್ತಿದ್ದರು. ಅಡುಗೆಮನೆಯ ಹಿಂದೆಯೇ ಎಂಜಿನ್ ಶೆಡ್ಡು. ಹೋಗಿ ಅದನ್ನು ನಿಲ್ಲಿಸಿಬಿಟ್ಟೆ. ಗುಡ್ಡದ ಮೇಲಿನ ಜೆಟ್‌ನ ನೀರು ನಿಂತುಹೋಯಿತು.

ನನ್ನ ಲೆಕ್ಕ ತಪ್ಪಲಿಲ್ಲ. ಪಂಚೆ ಎತ್ತಿಕಟ್ಟಿ ದಡದಡ ಇಳಿದುಬಂದರು. ನಾನು ಮೊದಲು ನೋಡಿದ್ದು ಅವರ ಕೈಗಳನ್ನು. ಎರಡೂ ಖಾಲಿ ಇದ್ದವು.

“ಯಾವನ್ಲಾ ಎಂಜಿನ್ ನಿಲ್ಸಿದ್ದು?”

“ನಾನೇ ಕಣ್ರೀ.”

“ನಿಂಗೇನ್ ತಲೆ ಕೆಟ್ಟೈತಾ? ಮೊಗ್ಗು ಅರ್ಧ ನೀರು ಕುಡ್ದು ನಿಂತವೆ, ಕೆಟ್ಟೋಯ್ತವೆ! ನಿನ್ ಮಜ್ಜಿಗೆ ಶಾಸ್ತ್ರದಿಂದ್ಲೇ ಇಷ್ಟೊತ್ತಾಗಿದ್ದು!”

ಮಜ್ಜಿಗೆಯ ಮಾತು ನಿಜವೇ. ಬಿಸಿಲಿಗೆ ಬಿಡುವು ಕೊಟ್ಟೇ ಕೆಲಸ ಗುಡುಗಿನ ಹೊತ್ತಿಗೆ ಬಿದ್ದಿತ್ತು. ಹಾಗಂತ ಬಗ್ಗುವವಳೇ ನಾನು? “ನಾಳೆಯಿಂದ ನಸುಕಿಗೇ ಶುರು ಮಾಡಿ. ಈಗ ಒಳಗೆ ನಡೀರಿ,” ಎಂದು ಬಾಗಿಲು ಹಾಕಿ ಚಿಲಕಕ್ಕೆ ಬೆನ್ನು ಕೊಟ್ಟು ನಿಂತೆ. ಗುಡುಗು ಅಡಗುವ ತನಕ ಬೈಸಿಕೊಂಡೆ.

ಹಾಳು ಮೋಡ ನಾಲ್ಕು ಹನಿ ಉದುರಿಸಿ ಆಲೂರು ಕಡೆ ಹೋಯಿತು. ಸಿಡಿಲು ನಮ್ಮ ತೋಟದಲ್ಲಿ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಮರುದಿನ ಎಂಜಿನ್ ಬೇರೆ ಕೆರೆಯ ನೀರು ಎಳೆಯದೆ ಸತಾಯಿಸಿತು, ತುದಿಯ ಸಾಲುಗಳಿಗೆ ಹೊತ್ತಿಗೆ ನೀರು ಸಿಗಲಿಲ್ಲ. ಮುಂದಿನ ವಾರ ತೋಟವೆಲ್ಲ ಬೆಳ್ಳಗೆ ಅರಳಿದರೆ, ಗುಡ್ಡದ ತುದಿಯಲ್ಲಿ ಮಾತ್ರ ಹೂವು ಅರೆಬರೆ. ಅಲ್ಲಿಗೆ ನನ್ನನ್ನು ಬೇಕೆಂದೇ ಕರೆದೊಯ್ದರು.

“ನೋಡು, ಕಣ್ತುಂಬ ನೋಡು. ಅವತ್ತು ನಂಗೇನಾಯ್ತು ಹೇಳು? ಏನೂ ಆಗ್ಲಿಲ್ಲ!”

“ಏನೂ ಆಗ್ದಿರ್ಲಿ ಅಂತ್ಲೇ ಕಣ್ರೀ ನಿಲ್ಸಿದ್ದು,” ಎಂದೆ. ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದೆ, ಅಳು ಬಂದುಬಿಟ್ಟಿತು. ಅವರು ಹೆಗಲ ಮೇಲಿನ ಟವೆಲನ್ನು ನನ್ನ ಕೈಗಿಟ್ಟರು.