ಮದರಂಗಿ ಸರಿಯುವವರೆಗೆ

ಕಮಲಾಪುರದಲ್ಲಿ ನನ್ನಕ್ಕನ ಅತ್ತೆ ಕೂಸನ್ನು ಎತ್ತಿಕೊಂಡು ಒಳಗೆ ಹೋದವರು ಮತ್ತೆ ಹೊರಗೆ ತರಲಿಲ್ಲ. ಅಕ್ಕನ ಮೊಣಕೈ, ಮೊಣಕಾಲ ಮೇಲೆ ಬೆಳ್ಳನೆ ಹೊಟ್ಟು ಏಳುತ್ತಿತ್ತು. ಊರು ಅದನ್ನು ಕುಷ್ಠವೆಂದು ತೀರ್ಮಾನಿಸಿತ್ತು.

"ದೊಡ್ಡ ರೋಗ ಇದ್ದಾಕಿ ಹಾಲು ಕುಡಿಸ್ತಾಳೇನು? ಅದಲ್ಲಂತ ಡಾಕ್ಟರು ಹೇಳ್ಲಿ, ಕೊಡ್ತೀನಿ," ಅಂದರು ಅತ್ತೆ.

ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಯನ್ನು ಕೆಡವಿ ರೂಢಿಯಿದ್ದ ನಾನು, "ಹೌದನ್ನೋದಕ್ಕ ಸಬೂತು ಏನದ?" ಎಂದೆ.

"ಅಲ್ಲನ್ನೋದಕ್ಕ ನಿನ್ನ ಹತ್ರ ಏನದ, ತಮ್ಮಾ?"

ಗಾಡಿ ಕಟ್ಟಿಸಿ ಅಕ್ಕನನ್ನು ಡಾಕ್ಟರಿಗೆ ತೋರಿಸಲು ಹೊರಟೆ.

ಸಂಸ್ಥಾನಕ್ಕೆ ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆ ಆದ ಹೊಸತು; ಗಲಭೆಯ ಭಯ ಇನ್ನೂ ಆರಿರಲಿಲ್ಲ. ಕಲಬುರ್ಗಿಯ ದಾರಿಯಲ್ಲಿ ಮಿಲಿಟರಿ ಲಾರಿಯ ಸದ್ದು ಕೇಳಿದಾಗಲೆಲ್ಲ ಗಾಡಿಯವನು ಎತ್ತುಗಳನ್ನು ಹೊಲಕ್ಕೆ ಇಳಿಸುತ್ತಿದ್ದ. ಅಕ್ಕನಿಗೆ ಲಾರಿಯ ಅಂಜಿಕೆ ಇರಲಿಲ್ಲ. ಸೆರಗಿನಿಂದ ಕೈ ಹೊರಬಿದ್ದರೆ ಅಂಜುತ್ತಿದ್ದಳು.

ಕಲಬುರ್ಗಿಯ ಗಾಜಿಪುರ ಓಣಿಯ ಡಾಕ್ಟರು ಬಾಗಿಲನ್ನು ಅರ್ಧವೇ ತೆರೆದು, ನಮ್ಮ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಒಳಗೆ ಕರೆದರು. ಹೊಟ್ಟು ಕೆರೆದು ನೋಡಿದರು. ಸೂಜಿ ಚುಚ್ಚಿದಾಗ ಅಕ್ಕ ಕೈ ಎಳೆದುಕೊಂಡಳು. "ನೋವು ತಿಳೀತದ, ಛಲೋ ಆತು. ದೊಡ್ಡ ರೋಗದಾಗ ಹಂಗ ತಿಳಿಯಂಗಿಲ್ಲ, ಆದ್ರ ಇಷ್ಟರ ಮ್ಯಾಲೇ ಹೇಳಾಕ ಬರೂದಿಲ್ಲ. ಉಗುರು ತೋರಸಮ್ಮಾ."

ಹತ್ತೂ ಉಗುರು ಕಡುಗೆಂಪು. ಅವು ಕೆಟ್ಟದ್ದು ನೆರೆಯವರಿಗೆ ಕಾಣಬಾರದೆಂದು ಅಕ್ಕ ಮೇಲಿಂದ ಮೇಲೆ ಮದರಂಗಿ ಮೆತ್ತಿಕೊಂಡಿದ್ದಳು.

ಡಾಕ್ಟರು ಬೆರಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಸೂಜಿಮೊನಿ ಒತ್ತಿದಂಥ ಕುಳಿ ಅವ. ಆದ್ರ ಒಂದಿಷ್ಟು ಎಲ್ಲಾರಿಗೂ ಇರ್ತಾವ. ಉಗುರಿನ ಕೆಳಗ ಎಣ್ಣಿ ಹನಿ ಬಿದ್ದಂಥ ಕಲೆ ಅದನೋ ಇಲ್ಲೋ ನೋಡಬೇಕು; ಅದು ಇದ್ರ ಇದು ಬ್ಯಾರೆ ಚರ್ಮದ ರೋಗ. ಈ ಬಣ್ಣದಾಗ ಎಲ್ಲಿ ಹುಡುಕ್ಲಿ?"

"ಕಾಲಿನ ಉಗುರು ನೋಡ್ರಿ," ಎಂದೆ.

"ಬರಿಗಾಲಿಲೆ ಹೊಲದಾಗ ದುಡಿಯೋರ ಕಾಲುಗುರು ಎಲ್ಲಾ ದಪ್ಪನೇ ಇರ್ತಾವ. ಅದನ್ನ ನಂಬಂಗಿಲ್ಲ."

"ಹಂಗಾದ್ರ ನಿಮಗ ಅನಿಸಿದ್ದನ್ನರ ಹೇಳ್ರಿ, ಸಾಹೇಬ್ರ."

"ಅನಿಸಿದ್ದನ್ನ ಹೇಳಿದವರಿಂದನ ಅಲ್ಲೇನು ಕೂಸು ಆ ಮನ್ಯಾಗ ಉಳಿದದ್ದು? ಉಗುರು ಬೆಳದು ಬಣ್ಣ ಸರೀಲಿ, ಆಮ್ಯಾಲೆ ಬರ್ರಿ."

ಕಾಲೇಜಿಗೆಂದು ಅದೇ ಊರಲ್ಲಿ ಹಿಡಿದಿದ್ದ ನನ್ನ ಬಾಡಿಗೆ ಕೋಣೆಯಲ್ಲಿ ಕಾದೆವು. ಹಾಲು ಕಟ್ಟಿ ಅಕ್ಕನಿಗೆ ಜ್ವರ ಬಂತು. ಹಿಂಡಿ ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಬೆಳಗಾದರೆ ಕೈ ಮುಂದೆ ಮಾಡಿ, "ಸರದದೇನೋ?" ಎಂದು ಕೇಳುವಳು. ದೇವರಿಗೆ ಕೈಮುಗಿಯದ ನಾನು ಉಗುರಿನ ಬುಡವನ್ನು ಬೇಡಿಕೊಳ್ಳುವಂತಾಯಿತು. ಕಲೆ ಕಾಣದೇ ಹೋದರೆ? ಅದನ್ನು ಅವಳ ಮುಂದೆ ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ.

ಎರಡು ತಿಂಗಳು ಕಳೆದು ಕೆಂಪು ಅರ್ಧಕ್ಕೆ ಸರಿದಾಗ ಹೆಬ್ಬೆರಳ ಉಗುರಿನ ಕೆಳಗೆ ಹಳದಿಗೆಂಪು ಕಲೆಯೊಂದು ಕಂಡಿತು. ಡಾಕ್ಟರು ಬಹಳ ಹೊತ್ತು ನೋಡಿದರು. "ದೊಡ್ಡ ರೋಗ ಅಲ್ಲ. ಅಂಟೂದಿಲ್ಲ, ಹಾಲು ಕುಡಿಸ್ಲಿ. ಆದ್ರ ಪೂರಾ ಹೋಗೂದೂ ಇಲ್ಲ. ಕೆಲವು ಮನೆತನದಾಗ ಮಕ್ಕಳಿಗೂ ಬರ್ತದ."

ಕಮಲಾಪುರದಲ್ಲಿ ಎಲ್ಲವನ್ನೂ ಹೇಳಿದೆ, ಕೊನೆಯ ಮಾತನ್ನೂ. ಅತ್ತೆ ಒಳಗೆ ಹೋಗಿ ಕೂಸನ್ನು ತಂದರು. ಕೊಡುವ ಮೊದಲು ಅಂಗಳದ ಬಿಸಿಲಲ್ಲಿ ಅದರ ಮುಷ್ಟಿ ಬಿಡಿಸಿ, ಪುಟ್ಟ ಉಗುರುಗಳನ್ನು ಒಂದೊಂದಾಗಿ ಓರೆ ಹಿಡಿದು ನೋಡಿದರು. ಅಕ್ಕ ಚಾಚಿದ ಕೈ ಚಾಚಿದಂತೆಯೇ ಇತ್ತು.

ನಾನೂ ಬಗ್ಗಿ ನೋಡಿದೆ.