ಅಮ್ಮನ ಹನ್ನೊಂದು ಡಿಸ್ಕುಗಳು

ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಬರೆದುಕೊಡುವ ದೀಪ್ತಿಗೆ ಅಮ್ಮ ತೀರಿಕೊಂಡ ದಿನವೂ ಅಳು ಬರಲಿಲ್ಲ, ಒಂಬತ್ತನೆಯ ದಿನವೂ ಬರಲಿಲ್ಲ. ಯಾರೋ ಕಾಫಿ ಕೊಟ್ಟರೆ ಕುಡಿದಳು, ಮಲಗು ಎಂದರೆ ಮಲಗಿದಳು.

ಅಮ್ಮ ಅನಂತಲಕ್ಷ್ಮಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಬಾಯೂ ಬರುತ್ತಿರಲಿಲ್ಲ. ಆಕೆ ಆಡಿದ್ದೆಲ್ಲ ಕೈಮಾತು. ದೀಪ್ತಿ ಮೊದಲು ಕಲಿತದ್ದೂ ಅದನ್ನೇ. ಅಪ್ಪ ಬದುಕಿದ್ದಾಗ ಹಬ್ಬಹುಣ್ಣಿಮೆಗಳಲ್ಲಿ ತೆಗೆದ ವೀಡಿಯೊಗಳು ಹನ್ನೊಂದು ಡಿಸ್ಕುಗಳಲ್ಲಿದ್ದವು.

ತಮ್ಮ ಅನಿಕೇತ್ ಕೇಳಿದ: "ಅಕ್ಕಾ, ವೈಕುಂಠ ಸಮಾರಾಧನೆ ದಿನ ಅಮ್ಮನ ವೀಡಿಯೊ ಟೀವೀಲಿ ಹಾಕೋಣ. ಎಲ್ಲಾ ಒಂದೇ ಪೆನ್‌ಡ್ರೈವ್‌ನಲ್ಲಿ ಹಿಡಿಯೋ ಹಾಗೆ ಚಿಕ್ಕದು ಮಾಡ್ತೀಯಾ?"

"ಮಾಡ್ತೀನಿ ಬಿಡು."

ಮನೆಯಲ್ಲಿದ್ದದ್ದು ಹಳೆಯ ಲ್ಯಾಪ್‌ಟಾಪು. ನಿಧಾನವಾಗಿ ಕುಗ್ಗಿಸಿದರೆ ಚಿತ್ರ ಚೆನ್ನಾಗಿ ಉಳಿಯುತ್ತಿತ್ತು, ಆದರೆ ಒಂದೊಂದು ಡಿಸ್ಕಿಗೂ ಒಂಬತ್ತು ಗಂಟೆ. ಬೇಗ ಕುಗ್ಗಿಸಿದರೆ ನಲವತ್ತೇ ನಿಮಿಷ. ಉಳಿದದ್ದು ನಾಲ್ಕು ದಿನ. ಅವಳು ಬೇಗದ್ದನ್ನೇ ಒತ್ತಿದಳು. ಒಂದು ನಿಮಿಷ ಹಾಕಿ ನೋಡಿದಳು. ಅಮ್ಮನ ಮುಖ ಕಾಣುತ್ತಿತ್ತು. ಸಾಕೆನಿಸಿತು.

ಸಮಾರಾಧನೆಯ ದಿನ ಊಟ ಮುಗಿಸಿದ ನೆಂಟರು ಟೀವಿ ಮುಂದೆ ಕೂತು, "ಎಷ್ಟು ಲಕ್ಷಣವಾಗಿದ್ರು!" ಎಂದರು. ಕಿವುಡರ ಶಾಲೆಯಲ್ಲಿ ಅಮ್ಮನ ಜೊತೆ ಓದಿದ ಚಿಕ್ಕಲಕ್ಷ್ಮಮ್ಮ ಬಿನ್ನಿಪೇಟೆಯಿಂದ ಬಂದಿದ್ದರು. ಅವರು ಮಾತ್ರ ಎದ್ದು ಟೀವಿಯ ಹತ್ತಿರಕ್ಕೆ ಹೋದರು. ಆಮೇಲೆ ದೀಪ್ತಿಯ ಕಡೆ ತಿರುಗಿ ಕೈಯಲ್ಲಿ ಕೇಳಿದರು: ಏನು ಹೇಳ್ತಿದಾಳೆ ಇವಳು?

ದೀಪ್ತಿ ನೋಡಿದಳು. ಅಲುಗದ ಮುಖ ಸರಿಯಾಗಿಯೇ ಇತ್ತು. ಕೈ ಚುರುಕಾದಲ್ಲೆಲ್ಲ ಬೆರಳುಗಳು ಕರಗಿ ಚೌಕಚೌಕದ ಕಲೆಗಳಾಗಿದ್ದವು. ಒಂದು ಮಾತೂ ತಿಳಿಯಲಿಲ್ಲ.

ಗೊತ್ತಾಗ್ತಿಲ್ಲ ಆಂಟಿ, ಎಂದು ಕೈಯಾಡಿಸಿದಳು.

ಇವಳ ಬಾಯಿ ಕಟ್ಟಿಬಿಟ್ಯಲ್ಲ, ಎಂದರು ಅವರು. ಸಿಟ್ಟೇನೂ ಇರಲಿಲ್ಲ. ದೀಪ್ತಿಗೂ ಏನೂ ಅನಿಸಲಿಲ್ಲ. ಒಳಗೆ ಹೋಗಿ ಕೊನೆಯ ಪಂಕ್ತಿಗೆ ಪಾಯಸ ಬಡಿಸಿದಳು.

ಮರುದಿನ ಬೆಳಿಗ್ಗೆ ಮೊದಲ ಡಿಸ್ಕನ್ನು ನಿಧಾನವಾಗಿ ಕುಗ್ಗಲು ಹಾಕಿ ಕೆಲಸಕ್ಕೆಂದು ಸ್ಕೂಟರ್ ಹತ್ತಿದಳು. ಸಂಜೆ ಬರುವಷ್ಟರಲ್ಲಿ ಆಗಿತ್ತು. ಹೀಗೆ ದಿನಕ್ಕೊಂದು. ಮೊದಲ ಸಲ ಸರಿಯಾಗಿ ಓಡಿದ್ದ ಐದನೆಯದು ಈ ಸಲ ಓಡಲಿಲ್ಲ. ಒರೆಸಿ ಮತ್ತೆರಡು ಸಲ ಹಾಕಿದರೂ ಲ್ಯಾಪ್‌ಟಾಪು ಅದನ್ನು ಹೊರಗೆ ತಳ್ಳಿತು. ಅದನ್ನು ಪಕ್ಕಕ್ಕಿಟ್ಟಳು.

ಆರನೆಯದರಲ್ಲಿ ಯುಗಾದಿ ಹಬ್ಬ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕ್ಯಾಮೆರಾ ಹಿಡಿದ ಅಪ್ಪನನ್ನು ಗದರುತ್ತಿದ್ದಳು. ಒಂದೊಂದು ಬೆರಳೂ ಸ್ಪಷ್ಟ. ಅದನ್ನ ಕೆಳಗಿಡಿ. ಹಾಲು ಉಕ್ತಾ ಇದೆ. ನನ್ನ ಕೈಯೆಲ್ಲ ಹಿಟ್ಟು.

ಅಷ್ಟೇ. ದೀಪ್ತಿ ಅದನ್ನು ಎರಡು ಸಲ ನೋಡಿದಳು.

ಭಾನುವಾರ ಅದನ್ನು ಬಿನ್ನಿಪೇಟೆಗೆ ಒಯ್ದಳು. ಚಿಕ್ಕಲಕ್ಷ್ಮಮ್ಮ ತೊಡೆ ತಟ್ಟಿಕೊಂಡು ನಕ್ಕರು, ಕಣ್ಣೊರೆಸಿಕೊಂಡರು. ಇನ್ನೊಂದು ಯಾವಾಗ? ಎಂದು ಕೇಳಿದರು.

ನಾಳೆ ಸಂಜೆ ಆಗತ್ತೆ, ಎಂದಳು ದೀಪ್ತಿ. ಸೋಮವಾರ ಏಳನೆಯದನ್ನು ಹಾಕಿ ಕೆಲಸಕ್ಕೆ ಹೊರಟಳು.