ಎರವಲು ತಂದ ಮೇಜು

ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಾಲಂ ಅಕ್ಕ ಎಂದೇ. ಪ್ರದರ್ಶನಕ್ಕಿಡುವ ಪ್ರತಿ ವಸ್ತುವನ್ನು ಯಾರು ಮಾಡಿದ್ದು, ಎಲ್ಲಿ ಬಿರುಕಿದೆ, ಹೇಗೆ ಬಂತು ಎಂದು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಟ್ಟವಳಲ್ಲ.

"ಅಕ್ಕನ ಮನೇಲಿ ಉಪ್ಪಿನ ಡಬ್ಬಿಗೂ ನಂಬರ್ ಇರುತ್ತೆ," ಎಂದು ಕಾವಲುಗಾರ ನಗಾಡುತ್ತಿದ್ದ. ಇತ್ತು ಕೂಡ.

ಒಂದು ಬೆಳಿಗ್ಗೆ ಗಡಿಯಾರ ರಿಪೇರಿಯ ಮುದುಕ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

"ಗುರುತು ಸಿಕ್ತಾ ಮಗಳೇ? ಮೇಜು ತಗೊಂಡು ಹೋಗೋಣ ಅಂತ ಬಂದೆ. ಮೊಮ್ಮಗಳು ಕೆಲಸ ಕಲ್ತಿದಾಳೆ. ಅಂಗಡಿ ಇಡ್ತಾಳಂತೆ, ನನ್ನ ಮೇಜೇ ಬೇಕಂತೆ ಅವಳಿಗೆ."

ಅವಳು ಕೆಲಸಕ್ಕೆ ಸೇರಿದ ವರ್ಷ, ಹಳೆಯ ಕಸುಬುಗಳ ಪ್ರದರ್ಶನಕ್ಕೆಂದು ಆ ಮೇಜನ್ನು ಮೂರು ತಿಂಗಳ ಮಟ್ಟಿಗೆ ಅವನಿಂದ ಬೇಡಿ ತಂದಿದ್ದಳು. ಚೀಟಿ ಬರೆಯಲು ಹೋದರೆ, ನಿನ್ನ ಮಾತೇ ಸಾಕು ಎಂದಿದ್ದ. ಅವಧಿ ಮುಗಿದಾಗ, ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದೇನೆ, ಬೇಕಾದಾಗ ಒಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದ. 'ಹೇಗೆ ಬಂತು' ಎಂಬ ಕಾಲಮ್ಮಿಗೆ ಆಗ ಇದ್ದುದು ಎರಡೇ ಆಯ್ಕೆ: ಕೊಡುಗೆ, ಖರೀದಿ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗದು. ಆಮೇಲೆ ತಿದ್ದಿದರಾಯಿತೆಂದು 'ಕೊಡುಗೆ' ಒತ್ತಿದ್ದಳು.

ವಿಷಯ ಕೇಳಿ ನಿರ್ದೇಶಕ ಪರದೆ ನೋಡಿದ. "ಅಕ್ಕಾ, ಕೊಡುಗೆ ಅಂತಿದೆಯಲ್ಲ."

"ತಪ್ಪು ನಂದು. ಅದು ಎರವಲು."

"ಕಾಗದ ಇದ್ಯಾ?"

"ನಾನಿದೀನಲ್ಲ."

ಅವಳ ಕೈಕೆಳಗೇ ಕೆಲಸ ಕಲಿತವನು ಅವನು. ಮೆಲ್ಲಗೆ ನಕ್ಕ. "ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಅಂತ ನನ್ನ ತಲೆಗೆ ತುಂಬಿದೋರು ಯಾರಕ್ಕಾ? ತಿದ್ದೋಕಾದ್ರೆ ತಿದ್ದಿ, ಕೊಟ್ಟು ಕಳಿಸೋಣ."

ಅವಳು ಕೂತಳು. ಈಗ ಪಟ್ಟಿಯಲ್ಲಿ 'ಎರವಲು' ಇತ್ತು. ಒತ್ತಿದಳು. ಕೆಳಗೆ ಇನ್ನೊಂದು ಕಾಲಂ ತೆರೆಯಿತು: ಒಪ್ಪಂದ ಪತ್ರದ ಸಂಖ್ಯೆ. ಖಾಲಿ ಬಿಡುವಂತಿರಲಿಲ್ಲ. ಯಾವುದಾದರೊಂದು ಅಂಕಿ ತುಂಬಬಹುದಿತ್ತು. ಇಲ್ಲದ ಅಂಕಿ ಬರೆಯಲು ಅವಳ ಕೈ ಏಳಲಿಲ್ಲ. ಇಲ್ಲದ ಕೊಡುಗೆಯನ್ನು ಒತ್ತುವಾಗ ಮಾತ್ರ ಎದ್ದಿತ್ತು.

ಹೊರಗೆ ಬಂದಳು. ಹಜಾರದಲ್ಲಿ ಮುದುಕ ಹಗ್ಗದ ಬೇಲಿ ದಾಟಿ, ತಡಕಾಡುತ್ತ ಮೇಜಿನ ಎಡಗಡೆಯ ಖಾನೆಯನ್ನು ಹುಡುಕಿ ಎಳೆದಿದ್ದ.

"ತಾತಾ, ಮುಟ್ಟೋ ಹಾಗಿಲ್ಲ," ಎಂದ ಕಾವಲುಗಾರ.

"ನಂದೇ ಅಪ್ಪಾ ಇದು."

"ಫಲಕದಲ್ಲಿ ಕೊಡುಗೆ ಅಂತ ಬರೆದಿದೆ ನೋಡಿ. ಕೊಟ್ಟ ಮೇಲೆ ನಿಮ್ಮದು ಹೇಗಾಗುತ್ತೆ?"

ಅವಳ ಹೆಜ್ಜೆಯ ಸದ್ದಿಗೆ ಮುದುಕ ನಗುತ್ತ ತಿರುಗಿದ.

"ನೀನೇ ಹೇಳು ಮಗಳೇ ಇವನಿಗೆ."